ಬಾಟಲಿಯ ತಳದ ಕಂದು

ನಮ್ಮ ಪ್ರಯೋಗಾಲಯಕ್ಕೆ ಐವತ್ತು ವರ್ಷ ತುಂಬಿದ ನೆನಪಿಗೆ ಒಂದು ಸಂಚಿಕೆ ತರುತ್ತಿದ್ದಾರೆ. ಪೆಟ್ಟಿಗೆಯಕ್ಕನ ಬಗ್ಗೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಎರಡು ಪುಟ ಸಾಕು ಎಂದರು. ಎರಡು ಪುಟದಲ್ಲಿ ಒಬ್ಬರನ್ನು ಚೆನ್ನಾಗಿ ಹೊಗಳಬಹುದು. ಹೊಗಳಿ ಬರೆದೂ ಕೊಟ್ಟೆ, ಸಂಪಾದಕರಿಗೆ ತುಂಬಾ ಹಿಡಿಸಿತು. ಅವರಿಗೆ ಹಿಡಿಸಿತು ಎಂದು ತಿಳಿದ ದಿನ ನನಗೆ ಊಟ ಸೇರಲಿಲ್ಲ. ಆ ಎರಡು ಪುಟ ವಾಪಸ್ ತರಿಸಿಕೊಂಡು ಅದರ ಬದಲು ಇದನ್ನು ಬರೆಯುತ್ತಿದ್ದೇನೆ. ಹಾಕಿಕೊಂಡರೆ ಹಾಕಿಕೊಳ್ಳಲಿ, ಬಿಟ್ಟರೆ ಬಿಡಲಿ.

ಅಕ್ಕನಿಗೆ ಆ ಹೆಸರು ಬಂದದ್ದು ಮೂಲೆಯಲ್ಲಿದ್ದ ಗಾಜಿನ ಪೆಟ್ಟಿಗೆಯಿಂದ. ಅದರೊಳಗೆ ಬರೀ ನೈಟ್ರೋಜನ್. ಗಾಳಿಯ ತೇವ ತಾಗಿದರೆ ಕೆಡುವ ಪದಾರ್ಥಗಳಿಗೆಲ್ಲ ಅದೇ ಮನೆ. ಮುಂದುಗಡೆ ಎರಡು ದುಂಡನೆಯ ತೂತು, ಅವಕ್ಕೆ ಭುಜದವರೆಗೆ ಬರುವ ಕಪ್ಪು ರಬ್ಬರ್ ಗ್ಲೌಸ್. ಅವುಗಳಲ್ಲಿ ಕೈ ತೂರಿಸಿ ನಿಂತರೆ ಅಕ್ಕ ಮಧ್ಯಾಹ್ನದವರೆಗೆ ಅಲ್ಲಾಡುತ್ತಿರಲಿಲ್ಲ. ಮೂಗು ತುರಿಸಿದರೆ ಗಾಜಿಗೇ ಉಜ್ಜಿಕೊಳ್ಳಬೇಕು. ನಮ್ಮ ಮೇಷ್ಟ್ರು ಒಳಗೆ ಬಂದಾಗ ತಿರುಗಿಯೂ ನೋಡದೆ, "ನಮಸ್ಕಾರಕ್ಕೆ ಕೈ ಬಿಡುವಿಲ್ಲ ಮೇಷ್ಟ್ರೇ, ಬಾಯಲ್ಲೇ ತಗೊಳ್ಳಿ" ಎನ್ನುತ್ತಿದ್ದರು. ಮೇಷ್ಟ್ರೆಂದರೆ ಪ್ರಯೋಗಾಲಯದ ಮುಖ್ಯಸ್ಥರು, ನನ್ನ ಸಂಶೋಧನೆಯ ಮಾರ್ಗದರ್ಶಕರು. ದೊಡ್ಡ ದೊಡ್ಡವರನ್ನೆಲ್ಲ ನಡುಗಿಸುವ ಅವರು ಅಕ್ಕನ ಮುಂದೆ ಮಾತ್ರ ನಗುತ್ತಿದ್ದರು.

ಅಕ್ಕನ ತಾಯಿ ಇದೇ ಕಟ್ಟಡದಲ್ಲಿ ಗಾಜಿನ ಪಾತ್ರೆ ತೊಳೆಯುವ ಕೆಲಸದಲ್ಲಿದ್ದರು. ತಾಯಿಯ ಜೊತೆ ಬಂದು ತೊಳೆಯಲು ಕಲಿತ ಹುಡುಗಿ ಆಮೇಲೆ ತೂಕ ಮಾಡಲು, ಕಾಯಿಸಲು, ಹರಳು ಬೆಳೆಸಲು ಕಲಿತು, ಮೂವತ್ತೊಂದು ವರ್ಷದಲ್ಲಿ ನಮ್ಮಂಥ ಎಷ್ಟೋ ಜನರಿಗೆ ಡಾಕ್ಟರೇಟ್ ಕೊಡಿಸಿದ್ದರು. ಅವರ ಹೆಸರಿನ ಹಿಂದೆ ಮುಂದೆ ಒಂದಕ್ಷರವೂ ಸೇರಲಿಲ್ಲ. ತಾವು ಹರಳು ಬೆಳೆಸಲೆಂದು ತಾಯಿಯ ಕಾಲದ ಹನ್ನೆರಡು ದಪ್ಪ ತಳದ ಬಾಟಲಿಗಳನ್ನು ಒಂದು ಡ್ರಾಯರಿನಲ್ಲಿ ಇಟ್ಟಿದ್ದರು. "ಇದು ನನ್ನ ತವರಿನ ಆಸ್ತಿ, ಯಾರೂ ಕೈ ಹಾಕ್ಬೇಡಿ" ಎಂದು ಗದರುತ್ತಿದ್ದರು. ಬೇರೆಯವರು ಸೋಪಿನ ನೀರಲ್ಲಿ ಅದ್ದಿ ತೆಗೆದರೆ ಅಕ್ಕ ತಾಯಿ ಕಲಿಸಿದ ಹಾಗೆಯೇ ತೊಳೆಯುತ್ತಿದ್ದರು. ಮೊದಲು ಪರ್ಮಾಂಗನೇಟಿನ ನೇರಳೆ ನೀರಿನಲ್ಲಿ ಒಂದು ದಿನ ನೆನೆಸುವುದು. ಅದು ಹಳೆಯ ಜಿಡ್ಡನ್ನೆಲ್ಲ ತಿಂದುಹಾಕುತ್ತದೆ, ಆದರೆ ಗಾಜಿನ ಮೇಲೆ ತೆಳ್ಳನೆ ಕಂದು ಪೊರೆ ಬಿಟ್ಟುಹೋಗುತ್ತದೆ. ಅದು ಮ್ಯಾಂಗನೀಸಿನ ಪೊರೆ. ಆ ಕಂದು ಕಣ್ಣಿಗೆ ಕಾಣದಾಗುವವರೆಗೆ ಆಮ್ಲ ಹಾಕಿ ಕುಲುಕಬೇಕು. ಒಮ್ಮೊಮ್ಮೆ ಒಂದೇ ಸಲಕ್ಕೆ ಹೋಗುತ್ತದೆ, ಒಮ್ಮೊಮ್ಮೆ ನಾಲ್ಕು ಸಲ ಬೇಕು. ಕೊನೆಗೆ ಶುದ್ಧ ನೀರು, ಮೂರು ಬಾರಿ. ಬಾಟಲಿಯನ್ನು ಕಿಟಕಿಗೆ ಹಿಡಿದು, ತಳ ನೋಡಿ, "ಆಯ್ತು" ಎಂದರೆ ಆಯ್ತು.

ಇನ್ನು ಈ ಕಥೆಗೆ ಬೇಕಾಗುವಷ್ಟು ವಿಜ್ಞಾನ ಹೇಳಿಬಿಡುತ್ತೇನೆ. ಬೇಸರವಾದರೆ ನನ್ನನ್ನು ಬೈಯಿರಿ, ಅಕ್ಕನನ್ನಲ್ಲ. ನಾವು ಬೆಳೆಸುತ್ತಿದ್ದುದು ಪದರ ಪದರವಾದ ಪೆರೋವ್‌ಸ್ಕೈಟ್ ಹರಳು. ಉಪ್ಪುಗಳನ್ನು ಬಾಟಲಿಯಲ್ಲಿ ಬಿಸಿ ಆಮ್ಲಕ್ಕೆ ಕರಗಿಸಿ ನಿಧಾನವಾಗಿ ತಣಿಸಿದರೆ ಅದು ಬೆಳೆಯುತ್ತದೆ. ಸೀಸ, ಬ್ರೋಮಿನ್ ಸೇರಿದ, ಕೆಲವೇ ಪರಮಾಣುಗಳಷ್ಟು ದಪ್ಪದ ಹಾಳೆ. ಅದರ ಮೇಲೊಂದು ಸಾವಯವ ಅಣುಗಳ ಪದರ. ಮತ್ತೆ ಹಾಳೆ, ಮತ್ತೆ ಪದರ. ಅದರ ಮೇಲೆ ಅತಿನೇರಳೆ ಬೆಳಕು ಬಿಟ್ಟರೆ ಒಂದು ಎಲೆಕ್ಟ್ರಾನ್ ತನ್ನ ಜಾಗ ಬಿಟ್ಟು ಏಳುತ್ತದೆ. ಬಿಟ್ಟ ಖಾಲಿ ಜಾಗ ಅದನ್ನು ಎಳೆಯುತ್ತಲೇ ಇರುತ್ತದೆ. ಹಾಳೆ ಅಷ್ಟು ತೆಳ್ಳಗಿರುವುದರಿಂದ ಎರಡಕ್ಕೂ ಬೇರೆಯಾಗಲು ದಾರಿಯಿಲ್ಲ, ಜೋಡಿಯಾಗಿಯೇ ಅಲೆಯುತ್ತವೆ. ಈ ಜೋಡಿಗೆ ಎಕ್ಸಿಟಾನ್ ಎನ್ನುತ್ತಾರೆ. ಎರಡೂ ಮತ್ತೆ ಒಂದಾದಾಗ ಬೆಳಕು ಹೊರಬರುತ್ತದೆ. ನಮ್ಮ ಹರಳಿನಲ್ಲಿ ಅದು ನೀಲಿಯಾಗಿರಬೇಕು. ನಾನು ಬೆಳೆಸಿದರೆ ನೀಲಿಯೇ ಬರುತ್ತಿತ್ತು. ಅಕ್ಕ ಬೆಳೆಸಿದರೆ ಬಿಳಿ.

ಮೊದಲ ಸಲ ಕತ್ತಲೆ ಕೋಣೆಯಲ್ಲಿ ಆ ಹರಳು ಬೆಳ್ಳಗೆ ಹೊಳೆದಾಗ ನಾನು ಅಕ್ಕನನ್ನು ತಬ್ಬಿಕೊಂಡಿದ್ದೆ. ಒಂದೇ ಪದಾರ್ಥದಿಂದ ಬಿಳಿ ಬೆಳಕು ಬಂದರೆ ದೀಪ ಮಾಡುವವರಿಗೆ ಅದಕ್ಕಿಂತ ಬೇರೆ ಏನು ಬೇಕು? ನಾನು ಕೊಟ್ಟ ಕಾರಣ ಇದು: ಜೋಡಿ ಕೂತ ಕಡೆ ಹರಳೇ ತಗ್ಗುತ್ತದೆ, ಹಳೆಯ ಹಗ್ಗದ ಮಂಚ ಕೂತವರ ಕೆಳಗೆ ತಗ್ಗುವ ಹಾಗೆ. ತಾನೇ ಮಾಡಿಕೊಂಡ ತಗ್ಗಿನಲ್ಲಿ ಜೋಡಿ ಸಿಕ್ಕಿಬೀಳುತ್ತದೆ. ಅಲ್ಲಿಂದ ಬರುವ ಬೆಳಕು ಶಕ್ತಿ ಕಳೆದುಕೊಂಡು ಹಲವು ಬಣ್ಣಗಳಾಗಿ ಹರಡುತ್ತದೆ, ಉಳಿದ ನೀಲಿಯ ಜೊತೆ ಕಲೆತು ಬಿಳಿಯಾಗುತ್ತದೆ. ಹಾಗೆ ನಡೆಯುವ ಹರಳುಗಳು ನಿಜವಾಗಿಯೂ ಇವೆ. ನಮ್ಮದೂ ಅದೇ ಜಾತಿ ಎಂದು ಲೇಖನ ಬರೆದೆವು, ಅಚ್ಚಾಯಿತು. ನನ್ನ ಪ್ರಬಂಧದ ಅರ್ಧ ಭಾಗ ಅದರ ಮೇಲೇ ನಿಂತಿತ್ತು. ನನ್ನ ಹರಳು ಯಾಕೆ ನೀಲಿ, ಅಕ್ಕನದು ಯಾಕೆ ಬಿಳಿ ಎಂದು ಕೇಳಬೇಕಾದ ಬುದ್ಧಿವಂತರೆಲ್ಲ ಸೇರಿ ಕಂಡುಕೊಂಡ ಉತ್ತರ ಒಂದೇ ಪದದ್ದು. ಕೈಗುಣ.

ಡಾಕ್ಟರ ಕೈಗುಣ ಕೇಳಿದ್ದೆ, ಅಡುಗೆಯವರ ಕೈಗುಣ ಕೇಳಿದ್ದೆ. ಹರಳಿಗೂ ಕೈಗುಣ ಇದೆ ಎಂದು ನಾವು ನಂಬಿದೆವು. ತಮಾಷೆಗೆ ಶುರುವಾದದ್ದು ತಮಾಷೆಯಾಗಿ ಉಳಿಯಲಿಲ್ಲ. ಪರೀಕ್ಷೆಗೆ ಹೋಗುವವರು ಅಕ್ಕನ ಕೈ ಮುಟ್ಟಿ ಹೋಗುತ್ತಿದ್ದರು. ಮೇಷ್ಟ್ರು ಬಂದವರಿಗೆಲ್ಲ ಉಪಕರಣಗಳನ್ನು ತೋರಿಸುವ ಮೊದಲು ಅಕ್ಕನನ್ನು ತೋರಿಸುತ್ತಿದ್ದರು. ಅಕ್ಕ ನಾಚಿಕೊಂಡು ಪೆಟ್ಟಿಗೆಯೊಳಗೆ ಕೈ ಇನ್ನಷ್ಟು ಆಳಕ್ಕೆ ತೂರಿಸುತ್ತಿದ್ದರು. ಅವರಿಗೆ ಅದು ಎಷ್ಟು ಇಷ್ಟವಾಗುತ್ತಿತ್ತು ಎಂದು ಹಿಂದಿನಿಂದ ನೋಡಿದರೂ ಗೊತ್ತಾಗುತ್ತಿತ್ತು.

ನನ್ನ ಮೌಖಿಕ ಪರೀಕ್ಷೆಗೆ ಏಳು ವಾರ ಇದ್ದಾಗ ಒಂದು ಕಾಗದ ಬಂತು. ದೂರದ ಇನ್ನೊಂದು ಪ್ರಯೋಗಾಲಯದವರು ನಮ್ಮ ಲೇಖನದಲ್ಲಿದ್ದ ಹಾಗೆಯೇ ಹನ್ನೊಂದು ಸಲ ಬೆಳೆಸಿದ್ದರು, ಹನ್ನೊಂದು ಸಲವೂ ನೀಲಿ. ಮೇಷ್ಟ್ರು ಜೋರಾಗಿ ನಕ್ಕರು. "ಕೈಗುಣ ಟಪಾಲಲ್ಲಿ ಕಳಿಸೋಕಾಗುತ್ತಾ? ಬಂದು ನೋಡ್ಲಿ" ಎಂದರು. ಅಲ್ಲಿಂದ ಒಬ್ಬ ವಿಜ್ಞಾನಿ ಬಂದು, ಅಕ್ಕನ ಪಕ್ಕ ನಿಂತು, ಮೊದಲಿಂದ ಕೊನೆಯವರೆಗೆ ನೋಡುವುದು ಎಂದು ನಿಶ್ಚಯವಾಯಿತು. ಅಕ್ಕ ಬಿಳಿ ಕೋಟನ್ನು ಮನೆಗೆ ಒಯ್ದು ದರ್ಜಿ ಭಾವನ ಕೈಲಿ ಅಂಚು ಹೊಲಿಸಿಕೊಂಡು ಬಂದರು. ಭಾವ ಎಂದರೆ ಅಕ್ಕನ ಗಂಡ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡವರು.

ಬರುವವರ ಮುಂದೆ ಪೆದ್ದಿಯಾಗಬಾರದೆಂದು ನಾನೊಮ್ಮೆ ಬೆಳೆಸಿ ನೋಡೋಣ ಎಂದುಕೊಂಡೆ. ಉಗ್ರಾಣದಿಂದ ಹೊಸ ಬಾಟಲಿ ತಂದು ಅಕ್ಕ ಮಾಡುವ ಹಾಗೆಯೇ ಮಾಡಿದೆ. ನೀಲಿ. ಸಿಟ್ಟು ಬಂತು. ಅಕ್ಕ ಊಟಕ್ಕೆ ಹೋಗಿದ್ದಾಗ ಅವರ ತವರಿನ ಆಸ್ತಿಯಿಂದ ಒಂದನ್ನು ಕದ್ದೆ. ಅದೇ ಆಮ್ಲ, ಅದೇ ಉಪ್ಪು, ಅದೇ ನನ್ನ ದರಿದ್ರ ಕೈ. ಮಾರನೆಯ ದಿನ ಹರಳು ಬೆಳ್ಳಗೆ ಹೊಳೆಯಿತು.

ನನ್ನ ಕೈಗೂ ಗುಣ ಬಂತೆಂದು ಅರೆಗಳಿಗೆ ಖುಷಿಪಟ್ಟೆ. ಆಮೇಲೆ ಇನ್ನೊಂದು ಬಾಟಲಿ ತೆಗೆದು ಕಿಟಕಿಗೆ ಹಿಡಿದೆ. ತಳದ ಅಂಚಿನಲ್ಲಿ ಸುತ್ತಲೂ ಕಂದು. ತೊಳೆಯದೆ ಬಿಟ್ಟ ಟೀ ಲೋಟದ ತಳದಲ್ಲಿ ಇರುವಷ್ಟೇ. ಇನ್ನೊಂದು ತೆಗೆದೆ, ಅದರಲ್ಲೂ. ಉಳಿದ ಹನ್ನೊಂದರಲ್ಲೂ. ಬಿಸಿ ಆಮ್ಲದಲ್ಲಿ ಆ ಪೊರೆ ಕರಗಿ, ಮ್ಯಾಂಗನೀಸ್ ಹರಳಿನೊಳಗೆ ಸೇರಿಕೊಳ್ಳುತ್ತದೆ. ಅಲೆಯುವ ಜೋಡಿ ಅದರ ಹತ್ತಿರ ಬಂದಾಗ ತನ್ನ ಶಕ್ತಿಯನ್ನು ಅದಕ್ಕೆ ಒಪ್ಪಿಸಿಬಿಡುತ್ತದೆ, ಮ್ಯಾಂಗನೀಸ್ ಕಿತ್ತಳೆ ಬೆಳಕು ಕೊಡುತ್ತದೆ. ಹರಳಿನ ನೀಲಿ, ಕಲ್ಮಶದ ಕಿತ್ತಳೆ, ಎರಡೂ ಸೇರಿ ನನ್ನ ಬಿಳಿ. ಹಗ್ಗದ ಮಂಚವೂ ಇಲ್ಲ, ತಗ್ಗೂ ಇಲ್ಲ.

ಇದನ್ನು ಪರೀಕ್ಷಿಸುವುದು ಕಷ್ಟವೇನಲ್ಲ. ನಾನು ಹೇಳಿದ ತಗ್ಗಿನ ಬೆಳಕಾಗಿದ್ದರೆ ಲೇಸರ್ ಬಡಿದು ನಿಂತ ಮೇಲೆ ಸೆಕೆಂಡಿನ ಕೋಟಿಯಲ್ಲೊಂದೋ ಎರಡೋ ಪಾಲಿನೊಳಗೆ ಆರಬೇಕು. ಮ್ಯಾಂಗನೀಸಿನದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು ಎಳೆಯುತ್ತದೆ. ಹಳೆಯ ಅಳತೆಗಳನ್ನು ತೆಗೆದು ನೋಡಿದೆ. ನಮ್ಮ ಲೇಸರ್ ಎಷ್ಟು ಬೇಗ ಬೇಗ ಬಡಿಯುತ್ತಿತ್ತೆಂದರೆ ಒಂದು ಬಡಿತದ ನಿಧಾನದ ಬೆಳಕು ಆರುವ ಮೊದಲೇ ಇನ್ನೊಂದು, ಮತ್ತೊಂದು. ಹಾಗಾಗಿ ಆ ಬೆಳಕು ನಕ್ಷೆಯ ಕೆಳಗೆ ಸಪಾಟಾದ ಗೆರೆಯಾಗಿ ಕೂತಿತ್ತು. ಅದನ್ನು ಉಪಕರಣದ ಗದ್ದಲ ಎಂದುಕೊಂಡು ಕಳೆದುಹಾಕಿದ್ದವಳು ನಾನೇ. ಕಳೆದಾದ ಮೇಲೆ ನೀಲಿಯ ಬಾಲ ಒಂದಿಷ್ಟು ಉಳಿದಿತ್ತು. ಅದನ್ನೇ ಬಿಳಿಯ ಆಯಸ್ಸು ಎಂದು ಅಚ್ಚು ಹಾಕಿಸಿದ್ದೆ. ಲೇಸರನ್ನು ನಿಧಾನ ಮಾಡಿ ಅಳೆದೆ. ಬೆಳಕು ಆರಲೊಲ್ಲದು. ಕತ್ತಲೆ ಕೋಣೆಯಲ್ಲಿ ಕೂತು ಅದನ್ನೇ ನೋಡಿದೆ.

ಹಾಗಾದರೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತೊಳೆಯುವ ಅಕ್ಕ ಈ ಕಂದನ್ನು ಯಾಕೆ ಬಿಟ್ಟರು? ಮರುದಿನ ಅವರು ತೊಳೆಯುವುದನ್ನು ದೂರದಿಂದ ನೋಡಿದೆ. ಆಮ್ಲ ಹಾಕಿದರು, ಕುಲುಕಿದರು, ಕಿಟಕಿಗೆ ಹಿಡಿದರು. ನಾನು ನಿಂತ ಜಾಗಕ್ಕೇ ಕಂದು ಕಾಣುತ್ತಿತ್ತು. "ಆಯ್ತು" ಎಂದರು, ತಮಗೆ ತಾವೇ. ಆಗ ನನಗೆ ಒಂದೊಂದಾಗಿ ಹೊಳೆಯಿತು. ಲೇಬಲ್ ಓದಲು ಯಾರನ್ನಾದರೂ ಕರೆಯುವುದು. ತಕ್ಕಡಿಯ ಅಂಕಿಗಳನ್ನು ನನ್ನ ಕೈಲಿ ಗಟ್ಟಿಯಾಗಿ ಹೇಳಿಸುವುದು. ಮುಖ ನೋಡುವ ಬದಲು ಹೆಜ್ಜೆ ಸದ್ದಿನಿಂದಲೇ ನಮ್ಮನ್ನು ಗುರುತಿಸುವುದು. ಅಕ್ಕನ ಕಣ್ಣು ಹೋಗುತ್ತಿತ್ತು, ಅವರು ಅದನ್ನು ಮುಚ್ಚಿಟ್ಟಿದ್ದರು. ಗೊತ್ತಾದರೆ ಆಮ್ಲ, ಸೀಸದ ಹತ್ತಿರ ಒಂದು ದಿನವೂ ನಿಲ್ಲಲು ಬಿಡುವುದಿಲ್ಲ ಎಂದು ಅವರಿಗೆ ಗೊತ್ತಿಲ್ಲದೆ ಇರುತ್ತದೆಯೇ?

ಒಳ್ಳೆಯವಳಾಗಿದ್ದರೆ ಆ ಸಂಜೆಯೇ ಮೇಷ್ಟ್ರ ಬಾಗಿಲು ತಟ್ಟುತ್ತಿದ್ದೆ. ತಟ್ಟಲಿಲ್ಲ. ಅಕ್ಕನ ಕೆಲಸ ಹೋಗುತ್ತದೆ, ಅದಕ್ಕೆ ಬಾಯಿ ಬಿಡುತ್ತಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಶುದ್ಧ ಸುಳ್ಳು. ನನಗೆ ಬೇಕಿದ್ದುದು ನನ್ನ ಪ್ರಬಂಧ. ಐದು ವರ್ಷ ಸವೆಸಿದ್ದೆ. ಬರುವ ವಿಜ್ಞಾನಿಯ ಮುಂದೆ ಬಿಳಿ ಬೆಳಕು ಬಂದರೆ ಸಾಕು, ಪರೀಕ್ಷೆ ಮುಗಿಯಲಿ, ಆಮೇಲೆ ಏನಾದರೂ ಆಗಲಿ ಎಂದು ಲೆಕ್ಕ ಹಾಕಿದೆ. ಅಷ್ಟಕ್ಕೇ ನಿಲ್ಲಲಿಲ್ಲ. ಹನ್ನೆರಡು ಬಾಟಲಿಗಳಲ್ಲಿ ಅತಿ ಹೆಚ್ಚು ಕಂದು ಇರುವ ಆರನ್ನು ಆರಿಸಿ ಡ್ರಾಯರಿನ ಮುಂದಿನ ಸಾಲಿನಲ್ಲಿ ಜೋಡಿಸಿದೆ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಹನ್ನೊಂದು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ತಪ್ಪು ಮಾಡುತ್ತಿದ್ದವಳು ನಾನು, ರೇಗುತ್ತಿದ್ದುದು ಅಕ್ಕನ ಮೇಲೆ. "ಸೊರಗಿ ಹೋಗಿದ್ದೀಯಲ್ಲ ಪುಟ್ಟಿ" ಎಂದು ಅವರು ತಮ್ಮ ಊಟದ ಡಬ್ಬಿ ನನ್ನ ಕಡೆ ಸರಿಸಿದರೆ, ಹಸಿವಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಎದ್ದುಹೋದೆ. ಪರೀಕ್ಷೆಯ ಭಯ ಇರಬೇಕೆಂದು ಅವರು ಹೊಟ್ಟೆಗೆ ಹಾಕಿಕೊಂಡರು.

ವಿಜ್ಞಾನಿ ಬರುವ ಹಿಂದಿನ ಮಧ್ಯಾಹ್ನ ಅಕ್ಕ ಒಂದು ಬಾಟಲಿ ಹಿಡಿದು ನನ್ನ ಮೇಜಿನ ಹತ್ತಿರ ಬಂದರು. ಪ್ರಯೋಗಾಲಯದಲ್ಲಿ ಬೇರೆ ಯಾರೂ ಇರಲಿಲ್ಲ. ಹೆಬ್ಬೆರಳಿನಿಂದ ಬಾಟಲಿಯ ಕಂಠವನ್ನು ಉಜ್ಜುತ್ತಿದ್ದರು.

"ಪುಟ್ಟೀ, ಕನ್ನಡಕ ಮನೇಲಿ ಬಿಟ್ಟು ಬಂದಿದ್ದೀನಿ. ಇದರ ತಳದಲ್ಲಿ ಎಲ್ಲಾದ್ರೂ ಕಂದು ಉಳಿದಿದೆಯಾ, ಸ್ವಲ್ಪ ನೋಡಿ ಹೇಳು."

ಅವರ ಕೋಟಿನ ಜೇಬಿನಿಂದ ಕನ್ನಡಕದ ಕಡ್ಡಿ ಇಣುಕುತ್ತಿತ್ತು. ಬಾಟಲಿ ತೆಗೆದುಕೊಂಡೆ. ನೋಡಬೇಕಾದ್ದೇನಿತ್ತು, ಅದು ನಾನೇ ಆರಿಸಿದ ಬಾಟಲಿ.

"ಏನೂ ಇಲ್ಲ ಅಕ್ಕಾ. ಚೊಕ್ಕವಾಗಿದೆ."

ಅಕ್ಕ "ಸರಿ ಹಾಗಾದ್ರೆ" ಎಂದು ಕೈ ಚಾಚಿದರು. ಬಾಟಲಿ ಕೊಟ್ಟೆ. ಅದನ್ನು ಕೋಟಿನ ತುದಿಯಲ್ಲಿ ಒರೆಸಿಕೊಳ್ಳುತ್ತಾ ಹೋದರು.

ಬಂದ ವಿಜ್ಞಾನಿ ಐವತ್ತರ ಆಸುಪಾಸಿನ ಹೆಂಗಸು, ಹೆಚ್ಚು ಮಾತಿಲ್ಲ, ಕೈಯಲ್ಲೊಂದು ಸಣ್ಣ ನೋಟ್‌ಬುಕ್. ಮೇಷ್ಟ್ರು ಎಂದಿನಂತೆ ಕೈಗುಣದ ಮಾತು ತೆಗೆದರು. ಆಕೆ ಬರೀ ತಲೆಯಾಡಿಸಿದರು. ಅಕ್ಕ ಹೊಸ ಅಂಚಿನ ಕೋಟು ತೊಟ್ಟು ಹೊಗೆಯನ್ನು ಹೊರಗೆಳೆಯುವ ಆಮ್ಲದ ಗೂಡಿನ ಮುಂದೆ ನಿಂತಿದ್ದರು. ಆರು ಬಾಟಲಿಗಳು ಸಾಲಾಗಿದ್ದವು. ನಾನು ಅತಿನೇರಳೆ ಟಾರ್ಚ್ ಹಿಡಿದು ಹಿಂದೆ ನಿಂತಿದ್ದೆ. ಅಕ್ಕ ಆಮ್ಲದ ಶೀಷೆಗೆ ಕೈ ಹಾಕಲಿಲ್ಲ. ಮೊದಲನೆಯ ಖಾಲಿ ಬಾಟಲಿಯನ್ನು ಎತ್ತಿ, ಬಂದವರ ಕಡೆ ಚಾಚಿದರು.

"ಶುರು ಮಾಡೋ ಮೊದಲು ಒಂದು ಸಹಾಯ ಮಾಡಿ. ನನ್ನ ಕಣ್ಣು ಮೊದಲಿನ ಹಾಗಿಲ್ಲ. ಕಿಟಕಿ ಹತ್ರ ಹಿಡಿದು, ತಳದಲ್ಲಿ ಕಂದು ಇದೆಯಾ ಹೇಳಿ."

ಆಕೆ ಕಿಟಕಿಗೆ ಹೋದರು. ಬಾಟಲಿಯನ್ನು ನಿಧಾನವಾಗಿ ತಿರುಗಿಸಿದರು. "ಇದೆ" ಎಂದರು.

"ಇನ್ನೊಂದು ನೋಡಿ."

"ಇದರಲ್ಲೂ ಇದೆ."

ಆರನ್ನೂ ನೋಡಿದರು. ಆರನೆಯದನ್ನು ನೋಡುವಾಗಲೇ ಆಕೆಗೆ ಅರ್ಥವಾಗಿತ್ತು, ನೋಟ್‌ಬುಕ್ ಮುಚ್ಚಿದರು. "ಪರ್ಮಾಂಗನೇಟ್‌ನಲ್ಲಿ ತೊಳೀತೀರಾ?" ಎಂದು ಮೆಲ್ಲಗೆ ಕೇಳಿದರು. ಅಕ್ಕ ಹೌದೆಂದರು. ಮೇಷ್ಟ್ರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಅವರ ದನಿ ಮಾತ್ರ ಕೇಳಿಸಿತು.

"ಇದು ಯಾವಾಗಿಂದ?"

"ಮೂರು ವರ್ಷ ಆಯ್ತು ಮೇಷ್ಟ್ರೇ. ಕಣ್ಣಿನ ಹಿಂದಿನ ಪರದೆ ಸವೀತಿದೆಯಂತೆ. ಆಪರೇಷನ್ ಇಲ್ಲ ಅಂದ್ರು. ಬಿಳಿ ಬೆಳಕು ಬರೋಕೆ ಶುರುವಾಗಿದ್ದೂ ಮೂರು ವರ್ಷದಿಂದಲೇ." ಆಮೇಲೆ, ಯಾರೂ ಕೇಳದಿದ್ದರೂ, "ಪುಟ್ಟಿಗೆ ಏನೂ ಗೊತ್ತಿರಲಿಲ್ಲ. ತಪ್ಪು ನನ್ನೊಬ್ಬಳದೇ" ಎಂದರು.

ಆಗ ನಾನು ಮಾತಾಡಬೇಕಿತ್ತು. ನನಗೆ ಗೊತ್ತಿತ್ತು ಎಂದರೆ ಮುಗಿದಿತ್ತು, ಎರಡೇ ಪದ. ಟಾರ್ಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತಾ ನಿಂತೆ.

ಲೇಖನವನ್ನು ಮೇಷ್ಟ್ರು ತಾವಾಗಿಯೇ ಹಿಂದಕ್ಕೆ ಪಡೆದರು. ನನ್ನ ಪರೀಕ್ಷೆ ಒಂಬತ್ತು ತಿಂಗಳು ಮುಂದೆ ಹೋಯಿತು. ಅಷ್ಟರಲ್ಲಿ ಮ್ಯಾಂಗನೀಸಿಗೆ ಜೋಡಿ ತನ್ನ ಶಕ್ತಿಯನ್ನು ಹೇಗೆ ಒಪ್ಪಿಸುತ್ತದೆ ಎಂಬುದನ್ನೇ ಅಳೆದು, ಆ ಅಧ್ಯಾಯವನ್ನು ಹೊಸದಾಗಿ ಬರೆದೆ. ನಿಜ ಹೇಳಬೇಕೆಂದರೆ ಮೊದಲಿಗಿಂತ ಒಳ್ಳೆಯ ಅಧ್ಯಾಯ ಅದು. ಪಾಸಾದೆ. ಕಳೆದುಕೊಂಡದ್ದು ಅಕ್ಕ ಒಬ್ಬರೇ. ಆ ವಾರವೇ ಅವರನ್ನು ಪೆಟ್ಟಿಗೆಯಿಂದ ತೆಗೆದು ಕೆಳಗಿನ ವಿಚಾರಣೆಯ ಮೇಜಿನಲ್ಲಿ ಕೂರಿಸಿದರು. ಬಂದವರಿಗೆ ದಾರಿ ಹೇಳುವ ಕೆಲಸ. ಎರಡು ತಿಂಗಳು ಕೂತರು. ಕೈಗಳನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಮೇಜಿನ ಅಂಚನ್ನು ಹಿಡಿದುಕೊಂಡಿರುತ್ತಿದ್ದರು. ನಾನು ಹಿಂಬಾಗಿಲಿನಿಂದ ಓಡಾಡುತ್ತಿದ್ದೆ. ಆಮೇಲೆ ಅವರೇ ಕೆಲಸ ಬಿಟ್ಟರು.

ಪ್ರಬಂಧದ ಪ್ರತಿ ಕೈಗೆ ಬಂದ ಮೇಲೆ ಒಂದು ಮಧ್ಯಾಹ್ನ ಅವರ ಮನೆಗೆ ಹೋದೆ. ಎರಡು ಕೋಣೆ. ಮುಂದಿನ ಕೋಣೆಯ ಕಿಟಕಿಯ ಕೆಳಗೆ ಹೊಲಿಗೆ ಯಂತ್ರ. ಭಾವ ಮೊದಲ ಪುಟದ ಕೃತಜ್ಞತೆಯನ್ನು ಗಟ್ಟಿಯಾಗಿ ಓದಿ ಹೇಳಿದರು. ಅದರಲ್ಲಿ ನಾನು ಅಕ್ಕನ ಬಗ್ಗೆ ದೊಡ್ಡ ದೊಡ್ಡ ಮಾತು ಬರೆದಿದ್ದೆ. ಕೇಳಿ ಅಕ್ಕ ನಕ್ಕರು.

"ನಾಲ್ಕು ವರ್ಷದಿಂದ ಸೂಜಿಗೆ ದಾರ ನಾನೇ ಪೋಣಿಸ್ಕೊಳ್ತಿದ್ದೀನಿ ನೋಡಮ್ಮ" ಎಂದರು ಭಾವ. "ಮೊದಲೆಲ್ಲ ಬೆಳಿಗ್ಗೆ ಹೋಗೋವಾಗ ಹತ್ತು ಸೂಜಿಗೆ ಇವಳೇ ಪೋಣಿಸಿಟ್ಟು ಹೋಗ್ತಿದ್ಲು. ಒಂದು ದಿನ ನಿಲ್ಲಿಸಿದ್ಲು. ಇವಳೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ." ಬಟ್ಟೆ ಕೊಡಲು ಯಾರೋ ಕರೆದರೆಂದು ಎದ್ದು ಹೊರಗೆ ಹೋದರು.

ಅಕ್ಕ ಟೀ ಲೋಟಗಳನ್ನು ತೊಳೆಯಲು ಒಳಗೆ ಹೋದರು. ನಾನು ಹಿಂದೆಯೇ ಹೋದೆ.

"ಅಕ್ಕಾ, ಆ ದಿನ ಬಾಟಲಿ ತಂದು ತೋರಿಸಿದ್ರಲ್ಲ…"

"ಗೊತ್ತು ಬಿಡು."

"ಏನು ಗೊತ್ತು?"

"ನೀನು ಕುರ್ಚಿ ಬಿಟ್ಟು ಏಳಲೇ ಇಲ್ಲ. ಕಿಟಕಿ ಹತ್ರ ಹೋಗಿ ಬೆಳಕಿಗೆ ಹಿಡೀದೆ ಬಾಟಲಿ ತಳ ಯಾರಿಗೆ ಕಾಣುತ್ತೆ? ನನಗೆ ಕಣ್ಣಿಲ್ಲ ಅಂದ್ರೆ ಕಿವೀನೂ ಇಲ್ವಾ?"

ಗೋಡೆಗೆ ಒರಗಿಕೊಂಡೆ. ಅತ್ತುಬಿಟ್ಟೆ. ಅವರು ತೊಳೆಯುವುದನ್ನು ನಿಲ್ಲಿಸಲಿಲ್ಲ.

"ಮತ್ತೆ ಎಲ್ಲರ ಮುಂದೆ ನನಗೆ ಗೊತ್ತಿರಲಿಲ್ಲ ಅಂತ ಯಾಕೆ ಹೇಳಿದ್ರಿ?"

"ನಾನೂ ಅವತ್ತು ನಿಜ ಕೇಳೋಕೆ ಬಂದಿರ್ಲಿಲ್ಲ ಪುಟ್ಟಿ. ನಿಜ ಬೇಕಿದ್ದಿದ್ರೆ ಮೇಷ್ಟ್ರ ಹತ್ರ ಹೋಗ್ತಿದ್ದೆ. ಇಲ್ಲ ಅನ್ನು ಅಂತಾನೇ ನಿನ್ನ ಹತ್ರ ಬಂದೆ. ನೀನು ಅಂದೆ. ಮನೆಗೆ ಬಂದ್ರೆ ನಿದ್ದೆ ಹತ್ತಲಿಲ್ಲ." ನಲ್ಲಿ ನಿಲ್ಲಿಸಿದರು. "ಕೈಗುಣ ಕೈಗುಣ ಅಂತ ಎಲ್ಲರೂ ಅಂದಾಗ ನಾನೂ ನಂಬಿಬಿಟ್ಟಿದ್ದೆ ಕಣೇ. ಅಮ್ಮ ಇದ್ದಿದ್ರೆ ಒಂದು ದಿನವೂ ನಂಬ್ತಿರ್ಲಿಲ್ಲ. ಹೋಗಿ ಬಾಟಲಿ ತಳ ನೋಡು ಅಂತಿದ್ರು."

ಕೈಯಲ್ಲಿದ್ದ ಲೋಟವನ್ನು ನನ್ನ ಕಡೆ ಚಾಚಿದರು. "ಇದನ್ನ ನೋಡು. ಹೋಗಿದೆಯಾ?"

ಲೋಟ ತೆಗೆದುಕೊಂಡು ಮುಂದಿನ ಕೋಣೆಗೆ ಹೋದೆ. ಹೊಲಿಗೆ ಯಂತ್ರದ ಪಕ್ಕ ನಿಂತು ಕಿಟಕಿಯ ಬೆಳಕಿಗೆ ಹಿಡಿದೆ. ತಳದಲ್ಲಿ ಸುತ್ತಲೂ ಸಣ್ಣ ಗೆರೆ ಉಳಿದಿತ್ತು.

"ಇಲ್ಲ ಅಕ್ಕಾ, ಹೋಗಿಲ್ಲ. ಕಂದು ಇದೆ."

"ತಾ ಇಲ್ಲಿ" ಎಂದರು ಒಳಗಿನಿಂದ. ಕೊಟ್ಟೆ. ಮತ್ತೊಮ್ಮೆ ಉಜ್ಜಿ ತೊಳೆದು, ಮತ್ತೆ ನನ್ನ ಕೈಗಿಟ್ಟರು, ನಾನು ಮತ್ತೆ ಕಿಟಕಿಯ ಹತ್ತಿರ ಹೋದೆ.